ಏಸಿಯೊಳಗಿನ ಸೊಪ್ಪಿನ ಗಂಟು

ಇದನ್ನು ಓದಿದ ಮೇಲೆ ದಯವಿಟ್ಟು ಯಾರೂ ನನಗೆ ಕಷಾಯ ಮಾಡುವ ವಿಧಾನ ಕಳಿಸಬೇಡಿ. ಬೇವು, ತುಳಸಿ, ಅಮೃತಬಳ್ಳಿ, ಲಕ್ಕಿ ಸೊಪ್ಪು, ಅರಿಶಿನ, ಎಲ್ಲವನ್ನೂ ಕುಡಿದಿದ್ದೇನೆ, ಮೂಸಿದ್ದೇನೆ, ಅರೆದು ಎದೆಗೆ ಮೆತ್ತಿಸಿಕೊಂಡಿದ್ದೇನೆ. ನಾನು ಹಾಸಿಗೆ ಹಿಡಿದಿದ್ದಾಗ ನೋಡಲು ಬಂದವರಲ್ಲಿ ಹಣ್ಣು ತಂದವರಿಗಿಂತ ಸೊಪ್ಪು ತಂದವರೇ ಹೆಚ್ಚು. ಹಾಗಾಗಿ ಇದು ಸಲಹೆ ಕೇಳಿ ಬರೆಯುತ್ತಿರುವುದಲ್ಲ. ಎಲ್ಲೋ ಒಂದು ಆಸ್ಪತ್ರೆಯ ಬೆಂಚಿನ ಮೇಲೆ, ತನ್ನ ಕೆಮ್ಮಿಗೆ ಹೆಸರು ಸಿಗದೆ, ಮನೆಯವರ ಕಣ್ಣಿಗೆ ಸೋಮಾರಿಯಾಗಿ ಕಾಣುತ್ತಾ ಕೂತ ಹೆಂಗಸೊಬ್ಬಳಿದ್ದರೆ ಅವಳಿಗೆ ಜೊತೆಯಾಗಲಿ ಎಂದು ಬರೆಯುತ್ತಿದ್ದೇನೆ. ಉಳಿದವರಿಗೆ ಸಿಟ್ಟು ಬಂದರೆ ಬರಲಿ. ನಮ್ಮ ಭಾವನವರಿಗಂತೂ ಬಂದೇ ಬರುತ್ತದೆ.

ನಾನು ಅಂಗನವಾಡಿ ಮೇಲ್ವಿಚಾರಕಿ. ಮನೆ ಮಧುಗಿರಿಯಲ್ಲಿ. ಕೆಲಸ ಪುರವರದ ಸುತ್ತಿನ ಹಳ್ಳಿಗಳಲ್ಲಿ, ಕೊರಟಗೆರೆ ಕಡೆ ಯಾರಾದರೂ ರಜೆ ಹಾಕಿದರೆ ಅಲ್ಲಿಯದೂ ನನ್ನ ತಲೆಗೇ. ಬಸ್ಸು ಹೋಗದ ಊರುಗಳಿಗೆ ಅವರಿವರ ಬೈಕಿನ ಹಿಂದೆ ಕೂತು ಸಾಕಾಗಿ, ನಲವತ್ತು ದಾಟಿದ ಮೇಲೆ ಡ್ರೈವಿಂಗ್ ಕಲಿತು ಒಂದು ಹಳೆಯ ಕಾರು ತೆಗೆದುಕೊಂಡೆ. ನಮ್ಮ ಮನೆಯಲ್ಲಿ ಯಾರನ್ನೂ ಕೇಳದೆ ನಾನೇ ಆರಿಸಿದ ಮೊದಲ ವಸ್ತು ಅದು. ಮಣ್ಣುರಸ್ತೆಯ ಧೂಳಿಗೆ ಕಿಟಕಿ ಏರಿಸಿಕೊಂಡು, ಏಸಿ ಹಾಕಿಕೊಂಡು, ಸ್ಟಿಯರಿಂಗ್ ಹಿಡಿದು ಒಬ್ಬಳೇ ಹೊರಟರೆ ನನಗೆ ಯಾವ ಅಧಿಕಾರಿಯೂ ಲೆಕ್ಕಕ್ಕಿರಲಿಲ್ಲ.

ಆ ಕಾರಿಗೆ ಇದ್ದದ್ದು ಒಂದೇ ಕೊರತೆ. ಏಸಿ ಹಾಕಿದ ಕೂಡಲೇ ಒದ್ದೆ ಗೋಣಿಚೀಲದ ವಾಸನೆ ಬರುತ್ತಿತ್ತು. ಮೆಕ್ಯಾನಿಕ್‌ಗೆ ತೋರಿಸಿದೆ. ಒಳಗೆ ಬೂಷ್ಟು ಕಟ್ಟಿದೆ, ಡ್ಯಾಶ್‌ಬೋರ್ಡ್ ಬಿಚ್ಚಿ ಎಲ್ಲ ತೊಳೆಯಬೇಕು, ಎರಡು ದಿನ ಕಾರು ಬಿಡಿ ಅಂದ. ಆಯುಧಪೂಜೆ ಹತ್ತಿರವಿತ್ತು. ಹಬ್ಬ ಮುಗಿಸಿಕೊಂಡು ಬಿಡೋಣ ಅಂದುಕೊಂಡೆವು.

ಆಯುಧಪೂಜೆಗೆ ನಮ್ಮ ಮನೆತನದ ಗಾಡಿಗಳೆಲ್ಲ ಭಾವನವರ ಊರಿಗೆ ಹೋಗಬೇಕು. ಅದು ಬುಕ್ಕಾಪಟ್ಟಣದ ಹತ್ತಿರ. ಭಾವ ಎಂದರೆ ನನ್ನ ಗಂಡನ ಅಣ್ಣ, ಹನುಮಂತರಾಯಪ್ಪನವರು. ಕಡಲೆಕಾಯಿ ಬೆಳೆಯುವವರು, ಮೇಲಾಗಿ ಸೊಪ್ಪಿನ ಪಂಡಿತರು. ಸುಳ್ಳು ಹೇಳಲಾರೆ, ಹುಳುಕಡ್ಡಿಗೆ ಅವರು ಅರೆದು ಹಚ್ಚುವ ಸೀಮೆ ಅಗಸೆ ಸೊಪ್ಪು ನಾಟುತ್ತದೆ. ನನ್ನ ಗಂಡನ ಕುತ್ತಿಗೆಯ ಮೇಲಿದ್ದದ್ದನ್ನು ಅವರೇ ವಾಸಿ ಮಾಡಿದ್ದರು. ಬಿತ್ತನೆ ಕಡಲೆಕಾಯಿಯ ಮೂಟೆಗಳ ನಡುವೆ ಒಣಗಿದ ಬೇವು, ಲಕ್ಕಿ ಸೊಪ್ಪು ಹಾಸುತ್ತಾರೆ. ಊರಿನ ಅರ್ಧ ಜನರ ಬೀಜಕ್ಕೆ ಬೂಷ್ಟು ಬಂದ ವರ್ಷವೂ ಅವರದ್ದಕ್ಕೆ ಬಂದಿಲ್ಲ. ಆ ಬೀಜದ ಕೋಣೆಗೆ ಒದ್ದೆ ಕೈಯಲ್ಲಿ ಹೋದರೆ ಹೆಂಡತಿಯೆಂದೂ ನೋಡದೆ ಬೈಯುತ್ತಾರೆ. ಅವರ ತೊಂದರೆ ಒಂದೇ. ಒಂದು ಕಡೆ ಗೆದ್ದದ್ದು ಎಲ್ಲ ಕಡೆಯೂ ಗೆಲ್ಲುತ್ತದೆ ಎಂದು ನಂಬಿಬಿಟ್ಟಿದ್ದಾರೆ.

ನನ್ನ ಗಂಡ ಏಸಿಯ ವಿಷಯ ಹೇಳಿದ್ದೇ ತಡ, ಭಾವ ಕೀ ಇಸಿದುಕೊಂಡರು.

"ಅದಕ್ಯಾಕಮ್ಮ ಗಾಡಿನೆಲ್ಲ ಬಿಚ್ಚುಸ್ತೀಯ? ಬೀಜದ ಮೂಟೆಗೆ ಬರೋ ಬೂಷ್ಟೇ ಅಲ್ವಾ ಇದೂನೂವೆ? ಇದಕ್ಕೆ ಔಷ್ದಿ ನನ್ ತಾವ ಐತೆ ಬುಡು."

ಡ್ರೈವರ್ ಪಕ್ಕದ ಸೀಟಿನ ಮುಂದಿನ ಡಬ್ಬಿ ಕಳಚಿ, ಅದರ ಹಿಂದಿದ್ದ, ಏಸಿಯ ಗಾಳಿ ಸೋಸುವ ಫಿಲ್ಟರ್ ಎಳೆದು ಹೊರಗೆಸೆದರು. "ಈ ಕಾಗ್ದದ್ದು ಬರೀ ಗಾಳಿ ತಡೀತೈತೆ ಅಷ್ಟೇಯ" ಅಂದರು. ಆ ಜಾಗಕ್ಕೆ ಬೇವು, ಲಕ್ಕಿ, ತುಳಸಿ ತುಂಬಿದ ಬಿಳಿ ಬಟ್ಟೆಯ ಗಂಟು ಒತ್ತಿ ಕೂರಿಸಿದರು. ಗಂಟಿಗೆ ಕುಂಕುಮ ಹಚ್ಚಿದರು. ಟ್ರ್ಯಾಕ್ಟರಿನ ಪಕ್ಕದಲ್ಲಿ ನನ್ನ ಕಾರಿಗೂ ಬೂದುಗುಂಬಳ ಒಡೆದು, ಚಕ್ರದ ಕೆಳಗೆ ನಿಂಬೆಹಣ್ಣು ಇಟ್ಟು, ನಡು ನೆಟ್ಟಗೆ ಮಾಡಿಕೊಂಡು ನಿಂತು ಹೇಳಿದರು:

"ಇನ್ ಮ್ಯಾಕೆ ನೀನು ಉಸ್ರಾಡೋದೆಲ್ಲ ಔಷ್ದಿನೇ ಕಣಮ್ಮ."

ವಾಪಸು ಬರುವಾಗ ಕಾರಿನ ತುಂಬ ಹಸಿರು ಪರಿಮಳ. ಮೆಕ್ಯಾನಿಕ್‌ನ ಹತ್ತಿರ ಮತ್ತೆ ಹೋಗಲೇ ಇಲ್ಲ.

ಕೆಮ್ಮು ಯಾವಾಗ ಶುರುವಾಯಿತೆಂದು ಹೇಳಲು ಬರುವುದಿಲ್ಲ. ಮೊದಮೊದಲು ಧೂಳು ಅಂದುಕೊಂಡೆ. ಆಮೇಲೆ ಸಂಜೆ ಮನೆಗೆ ಬಂದ ಮೇಲೆ ಚಳಿ ಬರತೊಡಗಿತು. ಸೆಕೆಗೆ ಮನೆಯವರೆಲ್ಲ ಫ್ಯಾನಿನ ಕೆಳಗೆ ಕೂತಿದ್ದರೆ ನಾನು ಕಂಬಳಿ ಹೊದೆಯುತ್ತಿದ್ದೆ. ಬೆಳಗ್ಗೆ ಹೊತ್ತಿಗೆ ಸರಿಹೋಗುತ್ತಿತ್ತು. ಮತ್ತೆ ಕೆಲಸಕ್ಕೆ ಹೋಗಿ ಬಂದರೆ ಮತ್ತೆ ಚಳಿ, ಮತ್ತೆ ಮೈಕೈ ನೋವು. ಭಾನುವಾರ ಮಾತ್ರ ಚೆನ್ನಾಗಿರುತ್ತಿದ್ದೆ. ಅದೇ ನನಗೆ ಮುಳುವಾಯಿತು. ಭಾನುವಾರ ಬಾರದ ಜ್ವರ ಸೋಮವಾರ ಬಂದರೆ ಜನ ಏನಂದುಕೊಳ್ಳುತ್ತಾರೆ? ಆಫೀಸಿನಲ್ಲಿ ನನ್ನ ಮುಂದೆಯೇ ನಕ್ಕರು. ನನ್ನ ಗಂಡ ಶ್ರೀನಿವಾಸ ನಗಲಿಲ್ಲ, ಆದರೆ "ಕೆಲ್ಸಕ್ಕೋಗೋ ಬ್ಯಾಸರಕ್ಕೂ ಒಂದೊಂದ್ಸಲ ಮೈಗೆ ಇಂಗಾಯ್ತದಂತೆ" ಅಂದರು. ಆ ಮಾತನ್ನು ನಾನು ಇವತ್ತಿಗೂ ಮರೆತಿಲ್ಲ, ಮರೆಯುವ ಉದ್ದೇಶವೂ ಇಲ್ಲ.

ಮಧುಗಿರಿಯ ಡಾಕ್ಟರು ಸಿರಪ್ ಕೊಟ್ಟರು, ಆಮೇಲೆ ಸೇದುವ ಪಂಪು ಕೊಟ್ಟರು. ಭಾವ ಸುದ್ದಿ ಕೇಳಿ ಓಡಿಬಂದರು. ಅವರ ಕಾಳಜಿಯಲ್ಲಿ ಮೋಸವಿರಲಿಲ್ಲ, ಅದೇ ಹೆಚ್ಚು ಸಿಟ್ಟು ತರಿಸುವ ವಿಷಯ. ಬೇವಿನ ಸೊಪ್ಪು ಕುದಿಸಿ ನನ್ನ ತಲೆಗೆ ಕಂಬಳಿ ಮುಚ್ಚಿ ಹಬೆ ಹಿಡಿಸಿದರು. ಉಸಿರು ಸಿಕ್ಕದೆ ನಾನು ಕಂಬಳಿ ಕಿತ್ತೆಸೆದರೆ "ತಡ್ಕೋಬೇಕು ಕಣಮ್ಮ, ಔಷ್ದಿ ನಾಟುವಾಗ ಅಂಗೇಯ" ಅಂದರು. ಕಹಿ ಕಷಾಯವನ್ನು ಎದುರು ನಿಂತು ಕುಡಿಸಿದರು. ಹೋಗುವ ಮೊದಲು ಕಾರಿನ ಹತ್ತಿರ ಹೋಗಿ, ಸೊಪ್ಪು ಸಾಲದು ಎಂದು ಮೊದಲಿನ ಗಂಟಿನ ಹಿಂದೆ ಇನ್ನೊಂದು ಗಂಟು ತುರುಕಿದರು.

ಮೆಟ್ಟಿಲು ಹತ್ತುವುದು ಕಷ್ಟವಾಯಿತು. ಅಂಗನವಾಡಿಗಳಲ್ಲಿ ಮಕ್ಕಳ ತೂಕ ನೋಡಲು ಬಗ್ಗಿದರೆ ಮೇಲೇಳಲು ಗೋಡೆ ಬೇಕಾಗುತ್ತಿತ್ತು. ನನ್ನದೇ ತೂಕ ಇಳಿಯುತ್ತಾ ಹೋಯಿತು. ಆಗ ಕ್ಷಯ ಇರಬಹುದೆಂಬ ಅನುಮಾನ ಬಂತು. ಕಫ ಪರೀಕ್ಷೆಗೆ ಕೊಟ್ಟು ಮನೆಗೆ ಬಂದ ದಿನ ಅಡುಗೆಮನೆಯಲ್ಲಿ ನನ್ನ ಲೋಟದ ಕತ್ತಿಗೆ ಒಂದು ಕಪ್ಪು ದಾರ ಕಟ್ಟಿತ್ತು. ಬೇರೆಯವರ ಲೋಟದ ಜೊತೆ ಬೆರೆಯದಿರಲಿ ಎಂದು. ಕಟ್ಟಿದ್ದು ಯಾರೆಂದು ಕೇಳಿದೆ. ಶ್ರೀನಿವಾಸ ಎದ್ದು ಹಿತ್ತಿಲಿಗೆ ಹೋದರು. ಕ್ಷಯ ಅಲ್ಲವೆಂದು ಫಲಿತಾಂಶ ಬಂದ ಮೇಲೆ ದಾರ ಮಾಯವಾಯಿತು. ಲೋಟವನ್ನು ನಾನೇ ಪಾತ್ರೆ ಅಂಗಡಿಗೆ ಹಾಕಿ ಬಂದೆ.

ಒಂದನ್ನು ಮಾತ್ರ ಅವರ ಪರವಾಗಿ ಹೇಳಬೇಕು. ಕೈ ಮೇಲೆತ್ತಿದರೆ ದಮ್ಮು ಕಟ್ಟುತ್ತಿದ್ದರಿಂದ ನನಗೆ ತಲೆ ಬಾಚಿಕೊಳ್ಳಲಾಗುತ್ತಿರಲಿಲ್ಲ. ಒಂದು ಬೆಳಗ್ಗೆ ಶ್ರೀನಿವಾಸ ಬಾಚಣಿಗೆ ಹಿಡಿದು ಹಿಂದೆ ಬಂದು ಕೂತರು. ಜಡೆ ಹೆಣೆಯುವುದು ಅವರಿಗೆ ಗೊತ್ತಿರಲಿಲ್ಲ. ಅರ್ಧಕ್ಕೇ ಬಿಚ್ಚಿಕೊಳ್ಳುವ ಸೊಟ್ಟ ಜಡೆ ಹಾಕಿದರು. ಆ ಜಡೆಯಲ್ಲೇ ತುಮಕೂರಿನ ಎದೆರೋಗದ ಡಾಕ್ಟರ ಹತ್ತಿರ ಹೋದೆ. ಕಾರು ಅವರು ಓಡಿಸಿದರು. ನನಗೆ ಸುಸ್ತಾಗದಿರಲಿ ಎಂದು ದಾರಿಯುದ್ದಕ್ಕೂ ಏಸಿ ಜೋರಾಗಿ ಹಾಕಿದ್ದರು.

ಆ ಆಸ್ಪತ್ರೆಯ ಕಾಯುವ ಕೋಣೆಯನ್ನು ಏನೆಂದು ಹೇಳಲಿ! ಎಲ್ಲರೂ ಕೆಮ್ಮುತ್ತಾರೆ, ಎಲ್ಲರೂ ಪಕ್ಕದವರ ಕೆಮ್ಮನ್ನು ದುರುಗುಟ್ಟಿ ನೋಡುತ್ತಾರೆ. ಟಿವಿಯಲ್ಲಿ ಅಡುಗೆ ಕಾರ್ಯಕ್ರಮ. ಟೋಕನ್ ಕರೆಯುವ ಹುಡುಗಿ ನಮ್ಮನ್ನು ಹೆಸರಿನಿಂದ ಕರೆಯದೆ "ಎದೆ ನೋವು ಬನ್ನಿ, ದಮ್ಮು ಬನ್ನಿ" ಎನ್ನುತ್ತಿದ್ದಳು. ನಾನು "ದಮ್ಮು". ನನ್ನ ಪಕ್ಕದಲ್ಲಿ ಪಾವಗಡ ಕಡೆಯ ಒಬ್ಬ ಅಜ್ಜಿ ಮೂಸಂಬಿ ಸುಲಿಯುತ್ತಾ ಕೂತಿದ್ದಳು. ಒಂದು ತೊಳೆ ಕೊಟ್ಟಳು. ಈಸಿಕೊಂಡು ಬಾಯಿಗಿಡುವಷ್ಟರಲ್ಲಿ ನನ್ನ ಸೆರಗಿನ ಕಡೆ ಮೂಗು ತಂದಳು.

"ಏಮ್ಮಾ, ನಿನ್ ಸೀರೆ ಯಾಕಿಂಗೆ ವಾಸ್ನೆ? ನೆಂದು ಮುಗ್ಗಿರೋ ಕಳ್ಳೇಕಾಯಿ ಇದ್ದಂಗೈತೆ."

"ಒಗೆದು ಉಟ್ಟಿರೋ ಸೀರೆ ಇದು. ನಿಮ್ ಮೂಗು ತೋರುಸ್ಕಳ್ಳಿ ಮೊದ್ಲು ಡಾಕ್ಟ್ರಿಗೆ" ಎಂದೆ.

"ಅಬ್ಬಬ್ಬಾ, ಕೋಪಂ ಚೂಡು!" ಎಂದು ನನ್ನ ಕೋಪವನ್ನು ತೆಲುಗಿನಲ್ಲಿ ಆಡಿಕೊಂಡು ಅಜ್ಜಿ ಮುಖ ತಿರುಗಿಸಿದಳು. ಮೂಸಂಬಿಯ ಎರಡನೆಯ ತೊಳೆ ಬರಲಿಲ್ಲ.

ಡಾಕ್ಟರು ನನ್ನ ವಯಸ್ಸಿನ ಹೆಂಗಸು. ಮೊದಲು ನನ್ನನ್ನು ನೋಡದೆ ಕಂಪ್ಯೂಟರನ್ನೇ ನೋಡುತ್ತಾ ಕೇಳಿದರು. ಮನೆಯಲ್ಲಿ ಪಾರಿವಾಳ ಇವೆಯೇ? ಕೂಲರ್ ಇದೆಯೇ? ಹುಲ್ಲಿನ ಮೆದೆ? ಎಲ್ಲಕ್ಕೂ ಇಲ್ಲ, ಇಲ್ಲ ಎಂದೆ. ಈಕೆಯೂ ಇನ್ನೊಂದು ಪಂಪು ಬರೆದು ಕಳಿಸುತ್ತಾಳೆ ಎಂದುಕೊಳ್ಳುತ್ತಿದ್ದಾಗ ಅವರು ತಲೆ ಎತ್ತಿದರು.

"ಯಾವತ್ತು ಚೆನ್ನಾಗಿರ್ತೀರಿ?"

ಅಷ್ಟು ದಿನ ಎಲ್ಲರೂ ಯಾವತ್ತು ಕಾಯಿಲೆ ಎಂದೇ ಕೇಳಿದ್ದರು. ಇದನ್ನು ಯಾರೂ ಕೇಳಿರಲಿಲ್ಲ.

"ಭಾನುವಾರ ಚೆನ್ನಾಗಿರ್ತೀನಿ. ರಜೆ ಇದ್ರೆ ಚೆನ್ನಾಗಿರ್ತೀನಿ" ಎಂದೆ. ಹೇಳಲು ನಾಚಿಕೆಯಾಯಿತು. ಕಣ್ಣಲ್ಲಿ ನೀರು ಬಂತು. "ಕೆಲಸಗಳ್ಳಿ ಅಲ್ಲ ಮೇಡಂ ನಾನು."

"ನಾನು ಹಾಗೆ ಅನ್ನಲಿಲ್ಲವಲ್ಲ. ಕೆಲಸಕ್ಕೆ ಹೋಗಿಯೂ ಚೆನ್ನಾಗಿದ್ದ ದಿನ ಇದೆಯಾ? ಯೋಚನೆ ಮಾಡಿ."

ಯೋಚಿಸಿದೆ. ಇತ್ತು. ಒಂದು ವಾರ ಪೂರ್ತಿ ಹಳ್ಳಿ ಸುತ್ತಿದ್ದೆ, ಚಳಿ ಬಂದಿರಲಿಲ್ಲ. ಅದು ಕಾರಿನ ಬ್ಯಾಟರಿ ಕೈಕೊಟ್ಟು, ಬಸ್ಸು, ಆಟೋ, ಬೈಕುಗಳಲ್ಲಿ ಬೈದುಕೊಂಡು ಓಡಾಡಿದ್ದ ವಾರ. ಬಾಯಿಂದ ಆ ಮಾತು ಹೊರಬಿದ್ದ ಕೂಡಲೇ ಅಜ್ಜಿ ಹೇಳಿದ ಮುಗ್ಗಿದ ಕಡಲೆಕಾಯಿ ನೆನಪಾಯಿತು. ಸೆರಗನ್ನು ಮೂಗಿಗೆ ಹಿಡಿದೆ. ಬೆಳಗ್ಗೆ ಬೀರುವಿನಿಂದ ತೆಗೆದ ಸೀರೆಗೆ, ಮಧುಗಿರಿಯಿಂದ ತುಮಕೂರಿಗೆ ಬರುವಷ್ಟರಲ್ಲಿ ಆ ವಾಸನೆ ಎಲ್ಲಿಂದ ಬಂತು?

ನಾನೂ ನನ್ನ ಗಂಡನೂ ಆಸ್ಪತ್ರೆಯ ಪಾರ್ಕಿಂಗ್‌ಗೆ ಹೋದೆವು. ಶ್ರೀನಿವಾಸ ಕಾರಿನ ಮುಂದಿನ ಡಬ್ಬಿ ಕಳಚಿ ಒಳಗೆ ಕೈ ಹಾಕಿದವರು ಸರಕ್ಕನೆ ಹಿಂದಕ್ಕೆಳೆದುಕೊಂಡರು. ಕರವಸ್ತ್ರ ಸುತ್ತಿಕೊಂಡು ಎಳೆದ ಮೇಲೆ ಗಂಟುಗಳು ಹೊರಬಂದವು. ಬಿಳಿ ಬಟ್ಟೆ ಕಪ್ಪಾಗಿತ್ತು. ಒದ್ದೆಯಾಗಿತ್ತು. ಸೊಪ್ಪು ಕೊಳೆತು ಅಂಟಾಗಿ, ಮೇಲೆಲ್ಲ ಹಸಿರು ಬಿಳಿ ನವಿರು ಎದ್ದಿತ್ತು. ಒಂದು ಮೂಲೆಯಲ್ಲಿ ಕುಂಕುಮ ಇನ್ನೂ ಕಾಣುತ್ತಿತ್ತು. ಏಸಿ ತಣ್ಣಗಾದಾಗಲೆಲ್ಲ ಒಳಗಿನ ತೇವ ಆ ಸೊಪ್ಪನ್ನು ನೆನೆಸಿದೆ, ನೆನೆದ ಸೊಪ್ಪಿಗೆ ಬೂಷ್ಟು ಹಿಡಿದಿದೆ, ಅದರ ಮೇಲಿಂದ ಹಾದ ಗಾಳಿಯನ್ನೇ ನಾನು ದಿನವೂ ಕಿಟಕಿ ಮುಚ್ಚಿಕೊಂಡು ಕುಡಿದಿದ್ದೇನೆ. ಬೀಜದ ಕೋಣೆಗೆ ಒಂದು ಹನಿ ನೀರು ಬಿದ್ದರೆ ಕುಣಿದಾಡುವ ಮನುಷ್ಯನಿಗೆ ಇದು ಹೊಳೆಯಲಿಲ್ಲ! ಅಲ್ಲೇ ನಿಂತು ನಾನು ಗಟ್ಟಿಯಾಗಿ ಅತ್ತೆ. ದುಃಖಕ್ಕಲ್ಲ, ರೋಷಕ್ಕೆ.

ಪ್ಲಾಸ್ಟಿಕ್ ಕವರಿನಲ್ಲಿ ಕಟ್ಟಿ ಡಾಕ್ಟರಿಗೆ ತೋರಿಸಲು ಒಯ್ದರೆ ಅವರು ಕುರ್ಚಿಯಿಂದ ಎದ್ದೇಬಿಟ್ಟರು. "ಮೊದಲು ಅದನ್ನ ಹೊರಗೆ ತಗೊಂಡ್ಹೋಗಿ! ಎದೆ ಕಾಯಿಲೆಯವರೇ ತುಂಬಿದ್ದಾರೆ ಇಲ್ಲಿ!" ಅಜ್ಜಿಗೆ ಕ್ಷಮೆ ಕೇಳೋಣವೆಂದು ನೋಡಿದೆ, ಬೆಂಚು ಖಾಲಿಯಾಗಿತ್ತು.

ಸ್ಕ್ಯಾನ್ ಆಯಿತು. ಕಾಯಿಲೆಗೆ ಉದ್ದನೆಯ ಹೆಸರೊಂದು ಸಿಕ್ಕಿತು, ಅದನ್ನು ಇಲ್ಲಿ ಬರೆದು ಯಾರನ್ನೂ ಹೆದರಿಸುವುದಿಲ್ಲ. ಸ್ಟೆರಾಯ್ಡ್ ಮಾತ್ರೆ ಕೊಟ್ಟರು. ಮುಖ ಇಡ್ಲಿಯಂತೆ ಊದಿಕೊಂಡಿತು. ಮಾತ್ರೆಯಿಂದ ಕೋಪ ಹೆಚ್ಚಬಹುದು ಎಂದಿದ್ದರು. ಅದಕ್ಕೆ ನನಗೆ ಮಾತ್ರೆ ಬೇಕಿರಲಿಲ್ಲ. ಕಾರಿನ ಡ್ಯಾಶ್‌ಬೋರ್ಡ್ ಕೊನೆಗೂ ಬಿಚ್ಚಿಸಿ ತೊಳೆಸಿದೆವು, ಹೊಸ ಫಿಲ್ಟರ್ ಬಂತು. ಉಸಿರು ನಿಧಾನವಾಗಿ ಮರಳಿತು. ಒಂದು ದಿನ ನನ್ನ ಜಡೆಯನ್ನು ನಾನೇ ಹೆಣೆದುಕೊಂಡೆ. ಆದರೆ ಪೂರ್ತಿ ಮರಳಿಲ್ಲ. ಎದೆಯ ಕೆಳಭಾಗದಲ್ಲಿ ಒಂದಿಷ್ಟು ಜಾಗ ಗಾಯದ ಕಲೆಯಂತೆ ಗಟ್ಟಿಯಾಗಿಬಿಟ್ಟಿದೆ, ಅದು ಹಾಗೇ ಇರುತ್ತದಂತೆ. ಬೆಟ್ಟ ಹತ್ತುವುದು ನನ್ನ ಪಾಲಿಗೆ ಮುಗಿಯಿತು.

ಭಾವನವರಿಗೆ ಗಂಟಿನ ಫೋಟೋ ತೋರಿಸಿದೆ. ಕನ್ನಡಕ ಹಾಕಿಕೊಂಡು ನೋಡಿದರು.

"ನಮ್ ಸೊಪ್ಪಿಗೆ ಬೂಷ್ಟು ಹಿಡಿಯಾಕಿಲ್ಲ ಕಣಮ್ಮ. ನಿನ್ ಏಸಿಲಿದ್ದ ಬೂಷ್ಟು ಸೊಪ್ಪಿಗೆ ಅಂಟೈತೆ. ಕಿಟ್ಕಿ ತಗ್ದು ಗಾಳಿ ಆಡಿಸ್ಬೇಕಾಗಿತ್ತು ನೀನು."

"ಉಸ್ರಾಡೋದೆಲ್ಲ ಔಷ್ದಿ ಅಂದ್ರಲ್ಲ ಬಾವ?"

"ಔಷ್ದಿನೇಯ. ನಿಂಗೆ ಆಗಿಬರ್ಲಿಲ್ಲ, ಅಷ್ಟೇ."

ನನಗೆ ಆಗಿಬರಲಿಲ್ಲವಂತೆ! ಅವತ್ತಿನಿಂದ ನಾನು ಅವರ ಮನೆಯ ಹೊಸಿಲು ತುಳಿಯಲಿಲ್ಲ. ತಪ್ಪಾಯಿತು ಎಂಬ ಒಂದು ಮಾತು ಬೇಕಿತ್ತು ನನಗೆ. ಶ್ರೀನಿವಾಸ "ದೊಡ್ಡೋರು, ಬುಟ್ಬುಡು" ಎಂದರು. ನಾನು ಬಿಡಲಿಲ್ಲ.

ಆಮೇಲೊಂದು ದಿನ ಭಾವನ ಮಗಳು ಗೀತ ಫೋನ್ ಮಾಡಿದಳು. ಅವಳನ್ನು ಕೊಟ್ಟಿರುವುದು ಪಾವಗಡಕ್ಕೆ. ಮಾತಿನ ನಡುವೆ ಹಿಂದಿನಿಂದ ಅವಳ ಪುಟ್ಟ ಮಗಳ ಕೆಮ್ಮು ಕೇಳಿಸಿತು. ಒಣ ಕೆಮ್ಮು, ಕೊನೆಗೆ ಉಸಿರೆಳೆದುಕೊಳ್ಳುವ ಸದ್ದು. ಆ ಕೆಮ್ಮು ನನ್ನದು.

"ಗೀತಾ, ನಿಮ್ ಕಾರಿಗೆ..."

"ಹೂಂ ಚಿಕ್ಕಮ್ಮ, ಅಪ್ಪಾಜಿ ಸೊಪ್ಪಿನ ಗಂಟು ಹಾಕ್ಕೊಟ್ಟವ್ರೆ. ಅದಿರೋದ್ಕೇ ಕೆಮ್ಮು ಇಷ್ಟ್ರಲ್ಲೈತೆ. ದಿನಾ ಪಾಪೂನ ಅದ್ರಾಗೇ ಬಾಲವಾಡಿಗೆ ಬಿಡ್ತೀವಿ."

ಎಲ್ಲ ಹೇಳಿದೆ. ತೆಗೆದುಹಾಕು ಎಂದೆ. ಅವಳು, "ನಿಮ್ಗೂ ಅಪ್ಪಾಜಿಗೂ ಆಗಲ್ಲ ಅಂತ ಗೊತ್ತು ಚಿಕ್ಕಮ್ಮ. ಅವರೇ ಹೇಳ್ಲಿ, ತೆಗೀತೀವಿ" ಎಂದು ಫೋನಿಟ್ಟಳು.

ತುಳಿಯಬಾರದೆಂದಿದ್ದ ಹೊಸಿಲನ್ನು ಅವತ್ತೇ ತುಳಿದೆ. ಭಾವ ಜಗಲಿಯ ಮೇಲೆ ಕಡಲೆಕಾಯಿ ಬಿಡಿಸುತ್ತಿದ್ದರು.

"ಪಾಪು ಕೆಮ್ತಾ ಐತೆ. ನನ್ ಥರಾನೇ. ಹತ್ತಿ ಬಾವ ಗಾಡಿ."

ಕೈಯಲ್ಲಿದ್ದ ಕಡಲೆಕಾಯಿ ಕೆಳಗೆ ಹಾಕಿದರು. ಹೆಗಲ ಮೇಲೆ ಟವಲ್ಲು ಹಾಕಿಕೊಂಡು ಬಂದು ಮುಂದಿನ ಸೀಟಿನಲ್ಲಿ ಕೂತರು. ಶಿರಾ ದಾಟಿ ಮಧುಗಿರಿ ಬಂತು, ಅದೂ ಹಿಂದಾಯಿತು. ನಾಲ್ಕೂ ಕಿಟಕಿ ಇಳಿಸಿದ್ದೆ. ಬಿಸಿಗಾಳಿ ಇಬ್ಬರ ಮುಖಕ್ಕೂ ಬಡಿಯುತ್ತಿತ್ತು.

ಗೀತಳ ಮನೆಯಲ್ಲಿ ಅಳಿಯ ಕಾಫಿ ತಂದುಕೊಟ್ಟ. ಭಾವ ಕುಡಿಯುವ ತನಕ ಎಲ್ಲರೂ ಕಾದೆವು. ಮಗು ಅವರ ಮೊಣಕಾಲು ಹಿಡಿದುಕೊಂಡು ನಿಂತು ಕೆಮ್ಮಿತು. ಭಾವ ಲೋಟ ಕೆಳಗಿಟ್ಟು ಕಾರಿನ ಕೀ ಕೇಳಿದರು. ಯಾರನ್ನೂ ಹತ್ತಿರ ಬಿಡದೆ ತಾವೇ ಮಂಡಿಯೂರಿ, ಡಬ್ಬಿ ಕಳಚಿ, ಗಂಟನ್ನು ಎಳೆದರು. ಅದು ನನ್ನದರಷ್ಟು ಕಪ್ಪಾಗಿರಲಿಲ್ಲ, ಆದರೆ ಒದ್ದೆಯಾಗಿತ್ತು. ಅದನ್ನು ಮೂಗಿನ ಹತ್ತಿರ ತಂದು ಮೂಸಿದರು. ಮೂಟೆಯ ಬಾಯಿ ಬಿಚ್ಚುವ ಮೊದಲೇ ಒಳಗಿನ ಬೀಜ ಮುಗ್ಗಿದೆಯೋ ಇಲ್ಲವೋ ಹೇಳುವ ಮೂಗು ಅದು. ಕಣ್ಣು ಮುಚ್ಚಿಕೊಂಡು ಅಲ್ಲೇ ಕೂತುಬಿಟ್ಟರು.

"ಏನಪ್ಪಾಜಿ?" ಎಂದಳು ಗೀತ.

"ನಿಮ್ ಚಿಕ್ಕಮ್ಮುನ್ ಎದೆ ತಿಂದಿದ್ದು ಇದೇ ಕಣವ್ವ. ನಾನೇ ಹಾಕಿದ್ದು. ಅವಳು ಹೇಳುದ್ರೂ ಒಪ್ಕಳ್ಳಿಲ್ಲ ನಾನು." ಗಂಟನ್ನು ಮಗುವಿನಿಂದ ದೂರ ಹಿಡಿದರು. "ಗಾಡಿ ಬಿಚ್ಚಿ ತೊಳಸೋಗಂಟ ಮಗೀನ ಇದ್ರಾಗೆ ಕೂರುಸ್ಬ್ಯಾಡ. ನಾಳೀಕೇ ಡಾಕ್ಟ್ರ ತಾವ ಕರ್ಕೊಂಡೋಗು."

ಮಗಳಿಗೆ ಹೇಳಿದರು, ನನಗಲ್ಲ. ನನ್ನ ಕಡೆ ತಿರುಗಿಯೂ ನೋಡಲಿಲ್ಲ. ನಾನು ಬಾಗಿಲ ಹತ್ತಿರ ಕಾದು ನಿಂತಿದ್ದೆ, ಈಗ ತಿರುಗುತ್ತಾರೆ, ಈಗ ಹೇಳುತ್ತಾರೆ ಎಂದು. ಅವರು ಬೇಲಿಯ ಆಚೆ ಹೋಗಿ ಗಂಟಿಗೆ ಬೆಂಕಿ ಹಚ್ಚಿದರು. ಒದ್ದೆ ಸೊಪ್ಪು ಬೇಗ ಹತ್ತಿಕೊಳ್ಳಲಿಲ್ಲ. ಸುಡುವ ತನಕ ಬಗ್ಗಿ ಕೂತು ಊದುತ್ತಲೇ ಇದ್ದರು. ಮಗುವಿನ ಕೆಮ್ಮು ಈಗ ನಿಂತಿದೆ ಎಂಬುದನ್ನು ಇಲ್ಲೇ ಹೇಳಿಬಿಡುತ್ತೇನೆ.

ವಾಪಸು ಬರುವಾಗ ಬಿಸಿಲು ಇನ್ನೂ ಇಳಿದಿರಲಿಲ್ಲ. ಸ್ವಲ್ಪ ದೂರ ಬಂದ ಮೇಲೆ ಭಾವ ಟವಲ್ಲಿನಿಂದ ಕತ್ತು ಒರೆಸಿಕೊಂಡರು.

"ಬೇಯ್ತಾ ಐತೆ. ಈಗ ತೊಳ್ಸಿದ್ದೀಯಲ್ಲ, ವಸಿ ಏಸಿ ಹಾಕಮ್ಮ."

"ಕಿಟ್ಕಿ ತಗ್ದು ಗಾಳಿ ಆಡಿಸ್ಬೇಕು ಬಾವ. ನೀವೇ ಹೇಳಿದ್ರಿ."

ಎದುರಿನಿಂದ ಲಾರಿಯೊಂದು ಧೂಳೆಬ್ಬಿಸಿಕೊಂಡು ಹೋಯಿತು. ಭಾವ ಕೆಮ್ಮಿದರು. ಮತ್ತೆ ಕೆಮ್ಮಿದರು. ಬಾಟಲಿ ತೆಗೆದು ನೀರು ಕೊಟ್ಟೆ. ಕುಡಿದು, ಬಾಟಲಿ ಹಿಂದಕ್ಕೆ ಕೊಡುವಾಗ ಅವತ್ತು ಮೊದಲ ಸಲ ನನ್ನ ಮುಖ ನೋಡಿದರು.

"ಮನೆಗೋಗಿ ಕಷಾಯ ಕುಡೀರಿ ಬಾವ" ಎಂದೆ.